ರಾಜೀನಾಮೆಗೂ ಮುಂಚೆ ಒಂದು ಹಳೇ ಪ್ರಶ್ನೆಪತ್ರಿಕೆ

ಸರ್ಕಾರಿ ನೌಕರಿಗೆ ಓದ್ಬೇಕು ಅನ್ನಿಸಿದ ಕೂಡಲೇ ಇರೋ ಕೆಲಸ ಬಿಟ್ಟು ಕೋಚಿಂಗ್‌ಗೆ ಫೀಸ್ ಕಟ್ಟೋರಿದ್ದಾರೆ. ಸ್ವಲ್ಪ ತಡೀರಿ. ಯಾವ ಪರೀಕ್ಷೆ ಅಂತ ನಿರ್ಧರಿಸಿ, ಒಂದು ಭಾನುವಾರ ಅದರ ಹಳೇ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಕೊಂಡು ಬಿಡಿಸಿ.

ಪದವೀಧರರು ಬರೆಯೋ ಎಸ್‌ಎಸ್‌ಸಿ ಸಿಜಿಎಲ್ ತಗೊಳ್ಳಿ. ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅಂದ್ರೆ ಒಂದಕ್ಕೆ 36 ಸೆಕೆಂಡ್. ತರ್ಕ, ಸಾಮಾನ್ಯ ಜ್ಞಾನ, ಗಣಿತ, ಇಂಗ್ಲಿಷ್ ತಲಾ 25. ಗಣಿತ ಹೆಚ್ಚಾಗಿ ಹೈಸ್ಕೂಲಿನದ್ದೇ, ಆದರೆ ಕ್ಯಾಲ್ಕುಲೇಟರ್ ಇಲ್ಲ. (ನಮ್ಮಂಥ ಎಂಜಿನಿಯರ್‌ಗಳು ಎಡವೋದು ಇಲ್ಲೇ!) ಸರಿ ಉತ್ತರಕ್ಕೆ 2 ಅಂಕ, ತಪ್ಪಿಗೆ 0.50 ಕಡಿತ. ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಾದ್ರೆ, ಉಳಿದದ್ದರಲ್ಲಿ ಒಂದನ್ನು ಆರಿಸೋದೇ ಲಾಭ.

ಕಡಿಮೆ ಅಂಕ ಬಂದ ವಿಭಾಗಕ್ಕೆ ಬೆಳಗಿನ ಎರಡು ಗಂಟೆ ಕೊಡಿ. ಮೂರು ತಿಂಗಳಾದ್ರೂ ಅಂಕ ಏರದಿದ್ರೆ ಕೋಚಿಂಗ್ ವಿಚಾರಿಸಿ. ಅಲ್ಲಿವರೆಗೆ ಸಂಬಳ ಬರ್ತಾ ಇರಲಿ.