ಹಿತ್ತಲ ಗಿಡದ ಪಾಠ

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಅದರಲ್ಲಿರುವ 'ಬಲ್ಲವನು' ಎಂಬ ಮಾತಿನತ್ತ ನಮ್ಮ ಗಮನ ಹರಿಯುವುದು ಕಡಮೆ. ಉಣ್ಣುವುದು ಹಸಿವಿನಿಂದ ತಾನಾಗಿ ಬರುವ ಕ್ರಿಯೆ. ಊಟವನ್ನು ಬಲ್ಲವರಾಗುವುದು ಕಲಿತು ಪಡೆಯುವ ವಿದ್ಯೆ. ಯಾವುದನ್ನು, ಎಷ್ಟನ್ನು, ಯಾವುದರೊಡನೆ ಉಣ್ಣಬೇಕೆಂಬ ತಿಳಿವಳಿಕೆ ಹುಟ್ಟಿನಿಂದ ಬರುವುದಿಲ್ಲ. ಹಾಗಾದರೆ ಪುಟ್ಟ ಮಕ್ಕಳಿಗೆ ಈ ವಿದ್ಯೆಯನ್ನು ಕಲಿಸುವ ಬಗೆ ಯಾವುದು?

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಉದಾಹರಣೆಯಿಂದ ಈ ಪ್ರಶ್ನೆಯನ್ನು ವಿಚಾರಿಸಬಹುದು. ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಕೂಡಿಸಿಯೇ ಕಡಬ ತಾಲೂಕನ್ನು ರಚಿಸಲಾಗಿದೆ. ಘಟ್ಟದ ಬುಡದಲ್ಲಿ, ಕುಮಾರಧಾರೆ, ಪಯಸ್ವಿನಿ ನದಿಗಳ ದಡಗಳಲ್ಲಿ ಹರಡಿಕೊಂಡಿರುವ ಈ ನಾಡು ವರ್ಷವಿಡೀ ಹಸಿರು. ಆದರೆ ಆ ಹಸಿರನ್ನು ಹತ್ತಿರದಿಂದ ನೋಡಬೇಕು. ಅದರಲ್ಲಿ ಬಹುಪಾಲು ಅಡಕೆ, ರಬ್ಬರು, ಕೊಕ್ಕೊ ತೋಟಗಳು. ಅಡಕೆ ಬೆಳೆಗಾರರ ಹಿತಕ್ಕಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆಯು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಈ ಬೆಳೆಗಳು ರೈತನ ಬಾಳಿಗೆ ಆಧಾರವಾದುವು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅನೇಕ ಕಡೆ ಬತ್ತದ ಗದ್ದೆಗಳು ತೋಟಗಳಾಗಿ ಮಾರ್ಪಟ್ಟವು. ಅಕ್ಕಿ ಅಂಗಡಿಯಿಂದ ಬರತೊಡಗಿತು. ಹಿಂದೆ ನಾಟಿ, ಕೊಯ್ಲುಗಳ ನಡುವೆ ಬೆಳೆದ ಮಗು ಅನ್ನವು ಎಲ್ಲಿಂದ ಬರುತ್ತದೆಂಬುದನ್ನು ಕಣ್ಣಾರೆ ಕಾಣುತ್ತಿತ್ತು. ಇಂದಿನ ಮಗುವಿನ ಸುತ್ತ ಹಸಿರಿದೆ. ಅದರಲ್ಲಿ ತಟ್ಟೆಗೆ ಬರುವುದು ಅಲ್ಪ.

ತಟ್ಟೆಗೆ ಬರಬಹುದಾದ ಹಸಿರು ಅಲ್ಲಿ ಇಲ್ಲವೆಂದಲ್ಲ. ಮಳೆ ಬಿದ್ದೊಡನೆ ಬೇಲಿಯಂಚಿನಲ್ಲಿ ಚಗಟೆ ಚಿಗುರುತ್ತದೆ. ತೇವದ ನೆಲದಲ್ಲಿ ಒಂದೆಲಗ ಹಬ್ಬುತ್ತದೆ. ತುಳುವಿನಲ್ಲಿ ಅದಕ್ಕೆ ತಿಮರೆ ಎಂದು ಹೆಸರು. ಕೆಸುವಿನ ಎಲೆಗೆ ಹುಳಿ ಬೆರೆತ ಹಿಟ್ಟನ್ನು ಹಚ್ಚಿ ಚೆನ್ನಾಗಿ ಬೇಯಿಸಿದರೆ ಪತ್ರೊಡೆ. ಎಳೆಯ ಹಲಸು ಪಲ್ಯವಾಗುತ್ತದೆ, ಅದರ ಬೀಜ ಸಾರಿಗೆ ಬೀಳುತ್ತದೆ. ನುಗ್ಗೆ, ಬಸಳೆ, ಹರಿವೆ, ನೆಲ್ಲಿ, ಪುನರ್ಪುಳಿಗಳನ್ನು ಬೇರೆಯಾಗಿ ಹೇಳಬೇಕಿಲ್ಲ. ಆದರೆ 'ಹಿತ್ತಲ ಗಿಡ ಮದ್ದಲ್ಲ' ಎಂಬಂತೆ, ಹತ್ತಿರವಿದ್ದುದರಿಂದಲೇ ಇವು ಅಗ್ಗವಾಗಿ ಕಂಡವು. ಅಜ್ಜಿಗೆ ತಿಳಿದಿದ್ದ ಇಪ್ಪತ್ತು ಸೊಪ್ಪುಗಳ ಹೆಸರಿನಲ್ಲಿ ಮೊಮ್ಮಗುವಿಗೆ ನಾಲ್ಕೈದು ತಿಳಿದಿದ್ದರೆ ಅದೇ ಹೆಚ್ಚು. ಆ ಬರಿದಾದ ಜಾಗವನ್ನು ಬಣ್ಣದ ಪೊಟ್ಟಣಗಳ ಕುರುಕಲು ತಿಂಡಿ ತುಂಬಿಕೊಂಡಿದೆ.

ಇದರಿಂದ ಆಗುವ ಹಾನಿ ಸಣ್ಣದಲ್ಲ. ಹೊಟ್ಟೆ ತುಂಬಿದ್ದರೂ ದೇಹಕ್ಕೆ ಬೇಕಾದ ಕಬ್ಬಿಣ, ಜೀವಸತ್ವಗಳು ದೊರೆಯದಿರುವುದು ಕಣ್ಣಿಗೆ ಕಾಣದ ಹಸಿವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ರಕ್ತಹೀನತೆಗೆ ಕಾರಣಗಳು ಹಲವು. ಆಹಾರದಲ್ಲಿನ ಕಬ್ಬಿಣದ ಕೊರತೆ ಅವುಗಳಲ್ಲಿ ಪ್ರಮುಖವಾದುದು. ಅಂತಹ ಮಗು ಬೇಗ ದಣಿಯುತ್ತದೆ; ಪಾಠದಲ್ಲಿ ಅದರ ಮನಸ್ಸು ನಿಲ್ಲುವುದಿಲ್ಲ. ಅದನ್ನು ಸೋಮಾರಿಯೆಂದು ಗದರಿಸುವ ಮೊದಲು ಅದರ ತಟ್ಟೆಯನ್ನು ನೋಡುವುದು ಲೇಸು.

'ಸೊಪ್ಪು ತಿನ್ನಿ, ಕುರುಕಲು ಬಿಡಿ' ಎಂದು ಉಪದೇಶಿಸಿದರೆ ಸಾಲದೆ? ಸಾಲದು. ಮಗು ಮಾತನ್ನು ಕಂಠಪಾಠ ಮಾಡಿ ಒಪ್ಪಿಸೀತು. ನಾಲಗೆ ಮಾತ್ರ ಒಪ್ಪುವುದಿಲ್ಲ. ರುಚಿ ಅಭ್ಯಾಸದಿಂದ ಬರುವಂಥದು. ಹೊಸದೊಂದು ತರಕಾರಿಯನ್ನು ಮಗು ಮೊದಲ ಸಲ ದೂರ ತಳ್ಳುವುದು ಸಹಜ. ಒತ್ತಾಯವಿಲ್ಲದೆ ಎಂಟು ಹತ್ತು ಬಾರಿ ಸ್ವಲ್ಪ ಸ್ವಲ್ಪವಾಗಿ ಎದುರಿಗಿಟ್ಟರೆ ಎಷ್ಟೋ ಮಕ್ಕಳು ಅದನ್ನು ಸ್ವೀಕರಿಸುತ್ತಾರೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಆ ಪರಿಚಯವು ಬಾಯಿಗೆ ಮೊದಲು ಕೈಯಲ್ಲಿ ಆರಂಭವಾದರೆ ಇನ್ನೂ ಉತ್ತಮ.

ಕೈಯಿಂದ ಕಲಿಯುವ ಈ ತತ್ವ ಹೊಸದಲ್ಲ. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸರಿ ಎಂಬ ವೈದ್ಯೆ, ತೊಳೆಯುವುದು, ಬಡಿಸುವುದು ಮೊದಲಾದ ನಿತ್ಯದ ಕೆಲಸಗಳನ್ನೇ ಪಾಠವಾಗಿಸಿದರು. ಪುತ್ತೂರಿಗಂತೂ ಇದು ಮನೆಯ ಪರಂಪರೆ. 1930ರ ದಶಕದಲ್ಲಿ ಶಿವರಾಮ ಕಾರಂತರು ಅಲ್ಲಿಯ ಬಾಲವನದಲ್ಲಿ ಆಟ, ಕುಣಿತ, ನಾಟಕಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗಗಳನ್ನು ನಡೆಸಿದರು. ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ಬರೆದರು. ಮುಂದೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿ ಇದೇ ದಾರಿಯಲ್ಲಿ ನಡೆದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹರಡಿತು.

ಇನ್ನು ಆಹಾರದ ಪಾಠವನ್ನು ತರಗತಿಯಲ್ಲಿ ಚಟುವಟಿಕೆಯಾಗಿ ನಡೆಸುವ ಕ್ರಮವನ್ನು ನೋಡೋಣ. ಮೊದಲನೆಯದು ಕಾಳಿನ ಆಟ. ಹೆಸರು, ಹುರುಳಿ, ಅಲಸಂದೆ, ಕಡಲೆಗಳನ್ನು ಬೆರೆಸಿ ಕೊಟ್ಟರೆ ಮಕ್ಕಳು ಅವನ್ನು ಬೇರೆ ಬೇರೆ ಮಾಡುತ್ತಾರೆ; ಎಣಿಸುತ್ತಾರೆ; ಹೆಸರು ಹೇಳುತ್ತಾರೆ. ಹೆಸರುಕಾಳನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನಗಳಲ್ಲಿ ಮೊಳಕೆ ಇಣುಕುತ್ತದೆ. ಒಣಗಿದ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಮೆಯಿದ್ದ 'ಸಿ' ಜೀವಸತ್ವ ಮೊಳಕೆಯಲ್ಲಿ ಹೆಚ್ಚುತ್ತದೆ. ಚೆನ್ನಾಗಿ ತೊಳೆದು, ಹಬೆಯಲ್ಲಿ ತುಸು ಬೇಯಿಸಿ, ತೆಂಗಿನ ತುರಿ ಬೆರೆಸಿದರೆ ಪಾಠವೇ ತಿಂಡಿಯಾಗುತ್ತದೆ.

ಎರಡನೆಯದು ಕಣ್ಣು ಕಟ್ಟಿ ಆಡುವ ಆಟ. ಕರಿಬೇವು, ಶುಂಠಿ, ನಿಂಬೆ, ನೆಲ್ಲಿಕಾಯಿ, ಬೆಂಡೆಕಾಯಿಗಳನ್ನು ಮುಟ್ಟಿ, ಮೂಸಿ ಗುರುತಿಸಬೇಕು. ಗುರುತಿಸಿದ ಮಗು ಅದರ ಬಗೆಗೆ ಒಂದು ವಾಕ್ಯ ಹೇಳಬೇಕು. ನಿಂಬೆ, ನೆಲ್ಲಿಗಳ ಸರದಿ ಬಂದಾಗ ಶಿಕ್ಷಕರು ಒಂದು ರಹಸ್ಯವನ್ನು ತಿಳಿಸಬಹುದು: ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ, ನಿಂಬೆ, ನೆಲ್ಲಿಗಳ 'ಸಿ' ಜೀವಸತ್ವ ಜೊತೆಗಿದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಊಟದೊಡನೆ ಕುಡಿದ ಚಹಾ ಇದಕ್ಕೆ ಅಡ್ಡಿ.

ಮೂರನೆಯದು ಅಳೆಯುವ ಆಟ. ಪೇಟೆಯ ಸಿಹಿ ಪಾನೀಯದ 250 ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ ಐದಾರು ಚಹಾ ಚಮಚದಷ್ಟು ಸಕ್ಕರೆ ಇರುತ್ತದೆ. ಅಷ್ಟನ್ನು ಮಕ್ಕಳೇ ಒಂದೊಂದಾಗಿ ಎಣಿಸಿ ಲೋಟಕ್ಕೆ ಸುರಿಯಲಿ. ಕರಿದ ತಿಂಡಿಯನ್ನೂ ಬೇಯಿಸಿದ ಹಲಸಿನ ಬೀಜವನ್ನೂ ಬೇರೆ ಬೇರೆ ಕಾಗದದ ಮೇಲೆ ಒತ್ತಿ, ಕಾಗದ ಒಣಗಿದ ಮೇಲೆ ಬೆಳಕಿಗೆ ಹಿಡಿಯಲಿ. ಎಣ್ಣೆಯ ಕಲೆ ತಾನೇ ಮಾತನಾಡುತ್ತದೆ; ಶಿಕ್ಷಕರು ಸುಮ್ಮನಿದ್ದರೂ ನಡೆಯುತ್ತದೆ.

ನಾಲ್ಕನೆಯದು ಕೈತೋಟ. ಹರಿವೆಯ ಬೀಜ ಬಿತ್ತಿದ ಮೂರು ನಾಲ್ಕು ವಾರಗಳಲ್ಲಿ ಎಳೆಯ ಸೊಪ್ಪು ಕೀಳಲು ಸಿಗುತ್ತದೆ. ತಾನು ನೀರೆರೆದ ಗಿಡದ ಸೊಪ್ಪನ್ನು ಬಿಸಿಯೂಟದ ಸಾರಿನಲ್ಲಿ ಕಂಡ ಮಗು ಅದನ್ನು ತಟ್ಟೆಯ ಅಂಚಿಗೆ ಸರಿಸಲು ಹಿಂಜರಿಯುತ್ತದೆ. ಒಂದೆಲಗವನ್ನು ತೊಳೆದು, ತೆಂಗಿನಕಾಯಿಯೊಡನೆ ರುಬ್ಬಿಸಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಒಲೆಯಿಲ್ಲದೆ ಆಗುವ ಈ ಅಡುಗೆ ಪುಟ್ಟ ಮಕ್ಕಳ ತರಗತಿಗೆ ಹೇಳಿಮಾಡಿಸಿದಂತಿದೆ.

ಕರಾವಳಿಯ ಮನೆಗಳ ಕುಚ್ಚಲಕ್ಕಿಯ ಗಂಜಿಯೂ ಒಂದು ವಿಜ್ಞಾನ ಪಾಠವೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ಡಚ್ ವೈದ್ಯರು, ಪಾಲಿಶ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳಿಗೆ ಕಾಲಿನ ಬಲ ಕುಂದುವುದನ್ನೂ ತೌಡುಳ್ಳ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಗಮನಿಸಿದರು. ತೌಡಿನಲ್ಲಿದ್ದ ಆ ಸತ್ವವೇ 'ಬಿ1' ಜೀವಸತ್ವ. ಬತ್ತವನ್ನು ಬೇಯಿಸಿ ಒಣಗಿಸಿದ ಮೇಲೆ ಅಕ್ಕಿ ಮಾಡಿದರೆ, ಆ ಸತ್ವದ ಒಂದಂಶ ಬೇಯುವಾಗಲೇ ಕಾಳಿನೊಳಗೆ ಇಳಿದು ಉಳಿಯುತ್ತದೆ. ಜೀವಸತ್ವವೆಂಬ ಹೆಸರನ್ನೇ ಕೇಳದ ನಮ್ಮ ಹಿರಿಯರು ಅದನ್ನು ಅನ್ನದಲ್ಲಿ ಉಳಿಸಿಕೊಂಡಿದ್ದರು.

ಇಂತಹ ಪಾಠಗಳಲ್ಲಿ ಒಂದು ಎಚ್ಚರ ಅಗತ್ಯ. ಯಾರ ಬುತ್ತಿಯಲ್ಲಿ ಏನಿದೆ ಎಂದು ಹೋಲಿಸಿ ನೋಡುವುದು, ಒಬ್ಬರ ಊಟವನ್ನು ಕೀಳೆನ್ನುವುದು ಸಲ್ಲದು. ಒಂದು ಮನೆಯಲ್ಲಿ ಬಂಗುಡೆ ಮೀನು, ಇನ್ನೊಂದು ಮನೆಯಲ್ಲಿ ಹುರುಳಿ ಸಾರು, ಮತ್ತೊಂದರಲ್ಲಿ ಬರಿಯ ಗಂಜಿ, ಚಟ್ನಿ. ಬಡತನವು ಮಗುವಿನ ತಪ್ಪಲ್ಲ. ಶಾಲೆಯ ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಅನ್ನ ದೊರೆಯುವುದರ ಮಹತ್ವ ಇಲ್ಲಿದೆ. ಅಕ್ಷರ ದಾಸೋಹದ ಬಿಸಿಯೂಟಕ್ಕೆ 2013ರಲ್ಲಿ ಕ್ಷೀರಭಾಗ್ಯದ ಹಾಲು ಜೊತೆಯಾಯಿತು. ಬಳಿಕ ಮೊಟ್ಟೆಯೂ ಅದನ್ನು ತಿನ್ನದವರಿಗೆ ಬಾಳೆಹಣ್ಣೂ ಸೇರಿದುವು. ತರಗತಿಯಲ್ಲಿ ಕಲಿತುದು ತಟ್ಟೆಯಲ್ಲಿ ದೊರೆತಾಗಲೇ ಆಹಾರದ ಪಾಠ ಪೂರ್ಣವಾಗುತ್ತದೆ.

ಈ ಪಾಠದಲ್ಲಿ ನಿಮಗೂ ಒಂದು ಪಾತ್ರವುಂಟು. ಪುಟ್ಟ ಮಕ್ಕಳು ಹಿರಿಯರ ಉಪದೇಶವನ್ನು ಕೇಳುವುದಕ್ಕಿಂತ ಅಣ್ಣ ಅಕ್ಕಂದಿರು ತಿನ್ನುವುದನ್ನು ನೋಡುವುದೇ ಹೆಚ್ಚು. ನೀವು ಒಂಬತ್ತನೆಯ ತರಗತಿಯವರು. ಹತ್ತಿರದ ಅಂಗನವಾಡಿಯಲ್ಲಿ ಒಂದು ಪಾತಿ ಅಗೆದು ಹರಿವೆ ಬಿತ್ತುವುದು ನಿಮ್ಮಿಂದ ಆಗದ ಕೆಲಸವಲ್ಲ. ಮನೆಯ ಹಿರಿಯರಿಂದ ಹಿತ್ತಲಿನ ಸೊಪ್ಪುಗಳ ಹೆಸರು, ಗುರುತು, ಅಡುಗೆಯ ಕ್ರಮಗಳನ್ನು ಕೇಳಿ ಬರೆದಿಡಿ. ಗುರುತು ಸರಿಯಾಗಿ ತಿಳಿಯದ ಸೊಪ್ಪನ್ನು ಮಾತ್ರ ಬಾಯಿಗೆ ಹಾಕಬೇಡಿ. ಹೆಸರು ಮರೆತ ಗಿಡ ಕಣ್ಣೆದುರಿಗಿದ್ದರೂ ಕಳೆಯಾಗುತ್ತದೆ. ಹೆಸರು ತಿಳಿದ ಗಿಡ ಅನ್ನದ ಜೊತೆಗಾರನಾಗುತ್ತದೆ.