ಕೇಳಿದ್ದನ್ನೇ ಕೇಳುವ ಸಹೋದ್ಯೋಗಿ: ಎಷ್ಟು ಸಲ ಉತ್ತರಿಸುವುದು?

ಉಪ್ಪಳ, ಕುಂಬಳೆ ಕಡೆಯ ಬಟ್ಟೆ ಅಂಗಡಿಗಳಲ್ಲಿ ಬಿಲ್ ಹಾಕುವ ಹುಡುಗ ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ: 'ಕಾಕ, ಇದಕ್ಕೆ ಟ್ಯಾಕ್ಸ್ ಎಷ್ಟು?' ಉತ್ತರ ಕಷ್ಟದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ ಪೀಸ್‌ಗೆ 2,500 ರೂ. ಮೀರದ ಸಿದ್ಧ ಉಡುಪಿಗೆ ಶೇ. 5, ಅದಕ್ಕಿಂತ ಮೇಲಿನದ್ದಕ್ಕೆ ಶೇ. 18. ಮಂಗಳೂರಿನ ವ್ಯಾಪಾರಿಗೆ ಮಾಲು ಕಳಿಸುವಾಗ 'ಐಜಿಎಸ್‌ಟಿಯಾ?' ಅಂತ ಇನ್ನೊಂದು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕೆ 29 ಇದ್ದರೆ ಕರ್ನಾಟಕ, 32 ಇದ್ದರೆ ಕೇರಳ. ಕಣ್ಣೆದುರೇ ಇದೆ. ಆದರೂ ನೋಡಲ್ಲ.

ಸೋಮಾರಿ ಎಂದುಬಿಡುವುದು ಸುಲಭ. ಹೆಚ್ಚಿನ ಕಡೆ ಕಾರಣ ಹೆದರಿಕೆ. ಬಿಲ್ ತಪ್ಪಿ ಗಿರಾಕಿಗಳ ಎದುರೇ ಬೈಗುಳ ತಿಂದವನು ಮತ್ತೆ ತಾನಾಗಿ ನಿರ್ಧರಿಸಲ್ಲ. ಕೇಳಿ ಮಾಡಿದರೆ ತಪ್ಪು ಹೇಳಿಕೊಟ್ಟವನ ತಲೆಗೆ! ಜೊತೆಗೆ ಪಕ್ಕದ ಸೀನಿಯರ್ ಥಟ್ಟನೆ ಉತ್ತರ ಕೊಡ್ತಾನೆ. ಪುಕ್ಕಟೆ ಸಿಗುವಾಗ ಹುಡುಕುವವರು ಯಾರು?

ಹಾಗಂತ ಮುಖ ತಿರುಗಿಸಿದರೆ ಹುಡುಗ ಊಹೆಯಲ್ಲಿ ಬಿಲ್ ಹಾಕ್ತಾನೆ, ಅದು ಇನ್ನೂ ದುಬಾರಿ. 'ನಿನಗೆ ಎಷ್ಟು ಅನ್ನಿಸ್ತದೆ?' ಎಂದು ತಿರುಗಿ ಕೇಳಿ. ಸರಿ ಹೇಳಿದರೆ 'ಹಾಕು' ಅಂದರೆ ಸಾಕು, ಭಾಷಣ ಬೇಡ. ತಪ್ಪಿದರೆ ದರದ ಚೀಟಿ ತೋರಿಸಿ. ಅವನ ಕೈಯಲ್ಲೇ ಬರೆಸಿ ಕೌಂಟರ್‌ಗೆ ಅಂಟಿಸಿದರೆ ಇನ್ನೂ ಒಳ್ಳೆಯದು. ಅರ್ಜೆಂಟ್ ಅಲ್ಲದ್ದನ್ನು ಊಟದ ನಂತರ ಒಟ್ಟಿಗೆ ಕೇಳಲಿ. ಅಷ್ಟರಲ್ಲಿ ಕೆಲವಕ್ಕೆ ಅವನೇ ಉತ್ತರ ಹುಡುಕಿರ್ತಾನೆ.

ಎಷ್ಟರವರೆಗೆ ಕೇಳದೆ ಮಾಡಬಹುದು ಎಂದು ಹೇಳಬೇಕಾದವರು ಮಾತ್ರ ಮಾಲಕರೇ. ಚೌಕಾಸಿಯಲ್ಲಿ 50 ರೂ. ತನಕ ನೀನೇ ಬಿಡು, ಮೇಲೆ ಹೋದರೆ ಕೇಳು ಅಂದರೆ ಮುಗಿಯಿತು. ಕಡ ಕೊಡುವ ವಿಷಯವನ್ನು ಬೇಕಾದರೆ ನೂರು ಸಲ ಕೇಳಲಿ.