ಒಂಬತ್ತು ಜೆರ್ಸಿ ತೊಟ್ಟ ಕ್ಯಾಚರ್

2018ರ ಅಕ್ಟೋಬರ್. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಪ್ಲೇಆಫ್ ಪಂದ್ಯಗಳು. ಮಿಲ್ವಾಕಿ ಬ್ರೂವರ್ಸ್ ತಂಡ ಕೊಲರಾಡೊ ರಾಕೀಸ್ ತಂಡವನ್ನು ಮೂರಕ್ಕೆ ಮೂರೂ ಪಂದ್ಯಗಳಲ್ಲಿ ಸೋಲಿಸಿ ಊರಿಗೆ ಕಳಿಸಿತು. ಆ ಸರಣಿಯಲ್ಲಿ ಎಂಟು ಸಲ ಬ್ಯಾಟ್ ಹಿಡಿದು ಐದು ಹಿಟ್ ಗಳಿಸಿದವರು ಎರಿಕ್ ಕ್ರಾಟ್ಜ್ ಎಂಬ ಕ್ಯಾಚರ್. ವಯಸ್ಸು 38. ಪ್ಲೇಆಫ್‌ನಲ್ಲಿ ಆಡುತ್ತಿದ್ದುದು ಅದೇ ಮೊದಲು. ಐದು ತಿಂಗಳ ಹಿಂದಷ್ಟೇ ನ್ಯೂಯಾರ್ಕ್ ಯಾಂಕೀಸ್ ತಂಡ ಅವರನ್ನು ಮಿಲ್ವಾಕಿಗೆ ಬಿಟ್ಟುಕೊಟ್ಟಿತ್ತು. ಅಭಿಮಾನಿಗಳಲ್ಲೇ ಎಷ್ಟೋ ಜನ ‘ಯಾರಪ್ಪಾ ಇವರು’ ಎಂದು ಹುಡುಕಬೇಕಾದ ಹೆಸರು.

ಕ್ಯಾಚರ್ ಎಂದರೆ ನಮ್ಮ ವಿಕೆಟ್ ಕೀಪರ್ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅದು ಅರ್ಧ ಸತ್ಯ. ಚಂದ್ರಶೇಖರ್ ಬೌಲಿಂಗ್‌ಗೆ ಕೀಪಿಂಗ್ ಮಾಡುತ್ತಿದ್ದ ಕಿರ್ಮಾನಿ ಬರುವ ಚೆಂಡನ್ನು ಊಹಿಸಬೇಕಿತ್ತೇ ವಿನಾ, ಇಂಥದ್ದೇ ಹಾಕು ಎಂದು ಅಪ್ಪಣೆ ಕೊಡುತ್ತಿರಲಿಲ್ಲ. ಬೇಸ್‌ಬಾಲಿನಲ್ಲಿ ಆ ಅಪ್ಪಣೆ ಬಹುಮಟ್ಟಿಗೆ ಕ್ಯಾಚರ್‌ದೇ. ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂತು, ತೊಡೆಗಳ ನಡುವೆ ಬೆರಳು ತೋರಿಸಿ, ವೇಗದ ಚೆಂಡೋ ತಿರುವಿನದೋ, ಒಳಗೋ ಹೊರಗೋ ಎಂದು ಪಿಚರ್‌ಗೆ ಸೂಚಿಸುವುದು ಅವರ ಕೆಲಸ. 2022ರಿಂದ ಬೆರಳಿನ ಬದಲು ಗುಂಡಿ ಒತ್ತುವ ಪುಟ್ಟ ಯಂತ್ರ ಬಂದಿದೆ. ಉಳಿದ ಎಂಟು ಮಂದಿ ಬ್ಯಾಟರ್ ಕಡೆ ಮುಖ ಮಾಡಿ ನಿಂತರೆ, ಇಡೀ ಮೈದಾನವನ್ನು ಎದುರಿಗೆ ಕಾಣುವ ಫೀಲ್ಡರ್ ಇವರೊಬ್ಬರೇ. ಹದಿನೆಂಟೂವರೆ ಮೀಟರ್ ದೂರದಿಂದ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡು ಅರ್ಧ ಸೆಕೆಂಡಿಗೂ ಮುನ್ನ ಕೈಗವಸಿನಲ್ಲಿರುತ್ತದೆ. ಅಂಚಿನ ಚೆಂಡನ್ನು ಕೈ ಅಲುಗದಂತೆ ಮೆತ್ತಗೆ ಹಿಡಿದು, ‘ಸ್ಟ್ರೈಕ್ ವಲಯದ ಒಳಗೇ ಇತ್ತು ಸ್ವಾಮಿ’ ಎಂದು ಅಂಪೈರ್‌ಗೆ ಮೌನವಾಗಿ ಒಪ್ಪಿಸುವ ಕಲೆಯೂ ಇದೆ. ಅದಕ್ಕೆ ಫ್ರೇಮಿಂಗ್ ಎನ್ನುತ್ತಾರೆ. ಮೋಸವೋ ಕಸುಬುದಾರಿಕೆಯೋ ಎಂದು ಕೇಳಿದರೆ ನಾನು ಎರಡನೆಯದರ ಪರ.

ಪೆನ್ಸಿಲ್ವೇನಿಯಾದ ಟೆಲ್ಫರ್ಡ್‌ನ ಕ್ರಾಟ್ಜ್, ಶಾಂತಿವಾದಿ ಮೆನೊನೈಟ್ ಕ್ರೈಸ್ತರು ನಡೆಸುವ ಸಣ್ಣ ವಿಶ್ವವಿದ್ಯಾಲಯವೊಂದರಲ್ಲಿ ಆಡುತ್ತಿದ್ದವರು. 2002ರ ಆಯ್ಕೆಯಲ್ಲಿ ಟೊರಾಂಟೊ ಬ್ಲೂ ಜೇಸ್ ಅವರನ್ನು ಕರೆದದ್ದು 29ನೇ ಸುತ್ತಿನಲ್ಲಿ. ಅಷ್ಟು ಹೊತ್ತಿಗೆ ಹುಡುಕುವವರಿಗೂ ಆಕಳಿಕೆ ಬಂದಿರುತ್ತದೆ. ಅಲ್ಲಿಂದ ಎಂಟು ವರ್ಷ ಮೈನರ್ ಲೀಗ್: ಸಣ್ಣ ಊರು, ದೀರ್ಘ ಬಸ್ ಪ್ರಯಾಣ, ಅಗ್ಗದ ಹೋಟೆಲ್. 2010ರ ಜುಲೈ 17ರಂದು ಪಿಟ್ಸ್‌ಬರ್ಗ್ ಪೈರೇಟ್ಸ್ ಪರ ಮೇಜರ್ ಲೀಗಿನಲ್ಲಿ ಮೊದಲ ಸಲ ಇಳಿದಾಗ ವಯಸ್ಸು 30 ದಾಟಿತ್ತು. ಮೊದಲು ಆಯ್ದುಕೊಂಡಿದ್ದ ಟೊರಾಂಟೊ ಪರ ಮೇಜರ್ ಲೀಗ್ ಪಂದ್ಯ ಆಡಲು ಸಿಕ್ಕಿದ್ದು 2014ರಲ್ಲಿ, ಅದೂ ಬೇರೆ ತಂಡದ ಮೂಲಕ ಸುತ್ತಿ ಬಂದು.

ಒಂದು ಋತುವಿಗೆ 162 ಪಂದ್ಯ. ಮಂಡಿ ಮಡಿಸಿ ಅಷ್ಟನ್ನೂ ಯಾರೂ ಆಡಲಾರರು. ಹೀಗಾಗಿ ಒಬ್ಬ ಮುಖ್ಯ ಕ್ಯಾಚರ್, ಅವರಿಗೆ ಬಿಡುವು ಕೊಡಲು ಇನ್ನೊಬ್ಬರು. ಇವರಲ್ಲಿ ಯಾರದಾದರೂ ಬೆರಳು ಮುರಿದರೆ ಕರೆಸಿಕೊಳ್ಳಲು ಕೆಳಗಿನ ಲೀಗಿನಲ್ಲಿ ಮೂರನೆಯವರು. ಕ್ರಾಟ್ಜ್ ಹಲವು ವರ್ಷ ಈ ಮೂರನೆಯವರು. ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಇರಲೇಬೇಕು, ಆದರೆ ಅದನ್ನು ಹೊರತೆಗೆಯುವ ಸಂದರ್ಭ ಬಾರದಿರಲಿ ಎಂದೇ ಎಲ್ಲರ ಹಾರೈಕೆ.

ಸ್ಥಾನ ಖಾಲಿ ಮಾಡಬೇಕಾದಾಗ ಮೊದಲು ಹೋಗುವ ಹೆಸರೂ ಇಂಥವರದೇ. 2015ನ್ನೇ ನೋಡಿ. ಕಾನ್ಸಾಸ್ ಸಿಟಿ ರಾಯಲ್ಸ್ ಬಿಟ್ಟಿತು. ಬಾಸ್ಟನ್ ಎತ್ತಿಕೊಂಡು, ಒಂದೂ ಪಂದ್ಯ ಆಡಿಸದೆ ಕೈಬಿಟ್ಟಿತು. ಋತು ಮುಗಿಯುವಾಗ ಅವರು ಫಿಲಡೆಲ್ಫಿಯಾದಲ್ಲಿದ್ದರು. ಆ ವರ್ಷ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದದ್ದು ಕಾನ್ಸಾಸ್ ಸಿಟಿ! ಮರುವರ್ಷ ಹ್ಯೂಸ್ಟನ್ ಮತ್ತು ಪಿಟ್ಸ್‌ಬರ್ಗ್. ಸೋಲು ಖಚಿತವಾದ ಪಂದ್ಯಗಳಲ್ಲಿ ಎರಡೂ ತಂಡಗಳು ಈ ಕ್ಯಾಚರ್ ಕೈಗೇ ಚೆಂಡು ಕೊಟ್ಟು ಪಿಚಿಂಗ್ ಮಾಡಿಸಿದವು. ಹೇಳಿದ್ದನ್ನು ಮಾಡುವವರಿಗೆ ಎಲ್ಲ ಕೆಲಸವೂ ಬರುತ್ತದೆ.

ಹಣದ ಲೆಕ್ಕ ನೋಡಿದರೆ ಈ ಏರಿಳಿತದ ಕಾವು ತಿಳಿಯುತ್ತದೆ. 2018ರಲ್ಲಿ ಮೇಜರ್ ಲೀಗಿನ ಕನಿಷ್ಠ ಸಂಬಳ ವರ್ಷಕ್ಕೆ 5,45,000 ಡಾಲರ್. ಅದನ್ನು ದಿನದ ಲೆಕ್ಕದಲ್ಲಿ ಕೊಡುತ್ತಾರೆ. ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಮಟ್ಟದ ಕನಿಷ್ಠ, 2023ರ ಹೊಸ ಒಪ್ಪಂದದಲ್ಲಿ ಸಾಕಷ್ಟು ಏರಿದ ಮೇಲೂ, 35,800 ಡಾಲರ್. ಮೇಲೆ 43 ದಿನ ಪೂರೈಸಿದರೆ ಪಿಂಚಣಿಯ ಹಕ್ಕು ಹುಟ್ಟುತ್ತದೆ. ಯಾರದೋ ಬೆರಳಿನ ಮೂಳೆ ಇನ್ಯಾರದೋ ಮುಪ್ಪಿನ ಭದ್ರತೆಯನ್ನು ತೀರ್ಮಾನಿಸುವ ಉದ್ಯೋಗ ಇದು.

ಬೆಳಕು ಇವರ ಮೇಲೂ ಬಿದ್ದದ್ದುಂಟು. 2013ರ ಮೇ 19, ಫಿಲಡೆಲ್ಫಿಯಾ. ಕ್ರಾಟ್ಜ್ ಹುಟ್ಟೂರಿನ ನೆರೆಯ ಮಹಾನಗರ. ಕೊನೆಯ ಇನ್ನಿಂಗ್ಸ್, ಎದುರಿಗೆ ಆ ಕಾಲದ ಅತಿ ವೇಗದ ಪಿಚರ್ ಅರೋಲ್ಡಿಸ್ ಚಾಪ್ಮನ್. ಕ್ರಾಟ್ಜ್ ಹೋಮ್ ರನ್ ಬಾರಿಸಿ ಸ್ಕೋರ್ ಸಮ ಮಾಡಿದರು. ಬೆನ್ನಿಗೇ ಬಂದ ಫ್ರೆಡ್ಡಿ ಗಾಲ್ವಿಸ್ ಇನ್ನೊಂದು ಬಾರಿಸಿ ಪಂದ್ಯವನ್ನೇ ಮುಗಿಸಿದರು.

ಅಷ್ಟಾಗಿಯೂ ಅವರ ಒಟ್ಟು ಬ್ಯಾಟಿಂಗ್ ಸರಾಸರಿ .209, ಹೋಮ್ ರನ್ 31. ಸಾಧಾರಣಕ್ಕಿಂತ ಕೆಳಗಿನ ಅಂಕಿ. ಜೆಫ್ ಮ್ಯಾಥಿಸ್ ಎಂಬ ಕ್ಯಾಚರ್ .194 ಸರಾಸರಿಯಲ್ಲೇ 17 ಋತು ಮೇಜರ್ ಲೀಗಿನಲ್ಲಿ ಉಳಿದರು. ತಂಡದವರೇನು ದಡ್ಡರೇ? ಒಳ್ಳೆಯ ಕ್ಯಾಚರ್ ದುಡಿಮೆಯ ಫಲ ಬೇರೆಯವರ ಖಾತೆಗೆ ಜಮೆಯಾಗುತ್ತದೆ: ಪಿಚರ್ ಔಟ್ ಮಾಡಿದ ಎಂದು ಬರೆಯುತ್ತಾರೆ, ಯಾವ ಚೆಂಡು ಎಂದು ಹೇಳಿಕೊಟ್ಟವರ ಹೆಸರಿಗೆ ಅಂಕಣವಿಲ್ಲ.

ಇದಕ್ಕೆ ಸಾಕ್ಷಿ 2020ರ ಆಗಸ್ಟ್ 30. ಯಾಂಕೀಸ್‌ಗೆ ಮರಳಿದ್ದ ನಲವತ್ತರ ಕ್ರಾಟ್ಜ್, 21ರ ಡೇವಿ ಗಾರ್ಸಿಯಾನ ಮೊದಲ ಪಂದ್ಯಕ್ಕೆ ಕ್ಯಾಚರ್. ಡೊಮಿನಿಕನ್ ಗಣರಾಜ್ಯದಿಂದ ಬಂದ ಈ ಹುಡುಗನ ಜೊತೆ ಮಾತಿಗೆ ತೊಡಕಿರಲಿಲ್ಲ, ಕ್ರಾಟ್ಜ್‌ಗೆ ಸ್ಪ್ಯಾನಿಷ್ ಬರುತ್ತಿತ್ತು. ಗಾರ್ಸಿಯಾ ಆರು ಇನ್ನಿಂಗ್ಸ್ ಸೊಗಸಾಗಿ ನಿಭಾಯಿಸಿದ. ಪಂದ್ಯದ ನಂತರ ಅವನ ಬಗ್ಗೆ ಮಾತನಾಡುತ್ತ ಕ್ರಾಟ್ಜ್ ಕಣ್ಣೀರಾದರು. ತಮಗೆ ಮೂವತ್ತಕ್ಕೆ ಸಿಕ್ಕ ಅವಕಾಶ ಅವನಿಗೆ ಇಪ್ಪತ್ತೊಂದಕ್ಕೆ ಸಿಕ್ಕಿತ್ತು. ಅಸೂಯೆಗೆ ಬೇಕಾದಷ್ಟು ಎಡೆಯಿತ್ತು. ಆ ಋತು ಮುಗಿದ ಮೇಲೆ ಅವರು ನಿವೃತ್ತರಾದರು.

ಈ ಜಾತಿಯ ಕ್ಯಾಚರ್‌ಗಳು ಆಟ ಬಿಟ್ಟ ಮೇಲೇ ಹೆಚ್ಚು ಬೆಳಗುತ್ತಾರೆ. ಆರು ಋತು ಆಡಿ ಸರಿಯಾಗಿ .200 ಸರಾಸರಿಗೆ ನಿಂತ ಬಾಬ್ ಯೂಕರ್ 1971ರಿಂದ 2024ರವರೆಗೆ ಮಿಲ್ವಾಕಿಯ ರೇಡಿಯೊ ದನಿಯಾಗಿದ್ದರು. ಗಾಳಿಯಲ್ಲಿ ಓಲಾಡುವ ನಕಲ್‌ಬಾಲ್ ಹಿಡಿಯಬೇಕಾದರೆ ಅದು ಉರುಳಿ ನಿಲ್ಲುವವರೆಗೆ ಕಾದು ಎತ್ತಿಕೊಳ್ಳಿ ಎಂಬುದು ಅವರ ಹೆಸರಾದ ತಮಾಷೆ. ಬದಲಿ ಕ್ಯಾಚರ್ ಆಗಿದ್ದ ಬ್ರೂಸ್ ಬೋಚಿ ಮ್ಯಾನೇಜರ್ ಆಗಿ ನಾಲ್ಕು ವರ್ಲ್ಡ್ ಸೀರೀಸ್ ಗೆದ್ದರು. ಆರು ತಂಡ ಸುತ್ತಿದ ಸ್ಟೀಫನ್ ವೋಗ್ಟ್ ಈಗ ಕ್ಲೀವ್‌ಲ್ಯಾಂಡ್ ತಂಡದ ಮ್ಯಾನೇಜರ್. ಕ್ರಾಟ್ಜ್ ಬೇಸ್‌ಬಾಲ್ ಚರ್ಚೆಯ ಕಾರ್ಯಕ್ರಮವೊಂದರಲ್ಲಿ ಮುಲಾಜಿಲ್ಲದೆ ಮಾತನಾಡುತ್ತಾರೆ.

2026ರ ಋತುವಿಗೆ ಮೇಜರ್ ಲೀಗ್ ಒಪ್ಪಿದ ಹೊಸ ನಿಯಮದಂತೆ, ಚೆಂಡು ಸ್ಟ್ರೈಕ್ ವಲಯದ ಒಳಗಿತ್ತೋ ಹೊರಗಿತ್ತೋ ಎಂಬ ಬಾಲ್-ಸ್ಟ್ರೈಕ್ ತೀರ್ಪನ್ನು ಬ್ಯಾಟರ್, ಪಿಚರ್ ಅಥವಾ ಕ್ಯಾಚರ್ ತಲೆ ತಟ್ಟಿ ಪ್ರಶ್ನಿಸಬಹುದು. ಕ್ಯಾಮೆರಾ ಉತ್ತರ ಕೊಡುತ್ತದೆ. ಫ್ರೇಮಿಂಗ್ ಕಲೆಗೆ ಬೆಲೆ ಇಳಿಯುತ್ತದೆ, ಬ್ಯಾಟ್ ಬೀಸಬಲ್ಲ ಕ್ಯಾಚರ್‌ಗಳಿಗೇ ಕಾಲ ಎನ್ನುವವರಿದ್ದಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ತಂಡಕ್ಕೆ ಸಿಗುವುದು ಎರಡೇ ಸವಾಲು, ತೀರ್ಪು ತಪ್ಪಾದರೆ ಮಾತ್ರ ಅದು ಉಳಿಯುತ್ತದೆ. ಯಾವ ಚೆಂಡಿಗೆ ಅದನ್ನು ಖರ್ಚು ಮಾಡಬೇಕು ಎಂಬುದನ್ನು ಅತಿ ಸಮೀಪದಿಂದ ಕಂಡು ಹೇಳಬಲ್ಲವರು ಅಲ್ಲಿ ಕುಕ್ಕರಗಾಲಲ್ಲಿ ಕೂತವರೇ. ಆ ತೀರ್ಮಾನವೂ ಅವರ ಸರಾಸರಿಯಲ್ಲಿ ಸೇರುವುದಿಲ್ಲ.